ತಪ್ಪಿನಲ್ಲಿ ನಿನ್ನ ಪಾಲು

ಬಿ.ಸಿ. ರೋಡ್, ಬಂಟ್ವಾಳ
೧೬ ಫೆಬ್ರವರಿ ೨೦೨೫

ಪ್ರೀತಿಯ ಸಜ್ನಾ,

ಹೇಗಿದ್ದೀ? ಮಾಣಿಯ ತವರುಮನೆಯಲ್ಲಿ ನಿನ್ನ ಉಮ್ಮನ ಮಂಡಿನೋವು ಕಡಿಮೆಯಾಯಿತೇ? ನಿನ್ನ ಕಾಗದ ಬಂದು ತಿಂಗಳುಗಳಾದವು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಬೇಡ. ಬರೆಯಲು ಕೂತಾಗಲೆಲ್ಲ ಸಿಟ್ಟು ಬರುತ್ತಿತ್ತು. ಇವತ್ತೂ ಬಂದಿದೆ, ಆದರೂ ಬರೆಯುತ್ತಿದ್ದೇನೆ. ನಮ್ಮ ಹೋಟೆಲು ನಡೆಯುತ್ತಿದೆ. ನಮ್ಮವರು ಕ್ಯಾಶಿನಲ್ಲಿ ಕೂರುತ್ತಾರೆ, ಗಿರಾಕಿಗಳ ಹತ್ತಿರವೂ ಮಾತಿಲ್ಲ.

"ಎಲ್ಲ ತಪ್ಪೂ ನನ್ನದೇ. ಕೆಲಸ ಬಿಟ್ಟಿದ್ದೇನೆ. ಇನ್ನು ಯಾವ ಮಗುವಿಗೂ ಬುದ್ಧಿ ಹೇಳುವುದಿಲ್ಲ" ಎಂದು ನೀನು ಬರೆದಿದ್ದೆ. ಶಾಲೆಯಿಂದ ಒಟ್ಟಿಗೆ ಬೆಳೆದವಳು ನಾನು. ಇದನ್ನು ಒಪ್ಪುವುದಿಲ್ಲ.

ಮೊನ್ನೆ ಮೂಡುಬಿದಿರೆಗೆ, ನಿನ್ನ ಕಾಲೇಜಿಗೆ ಹೋಗಿದ್ದೆ. ನನ್ನ ಅಕ್ಷಿತಾಳ ನೆನಪಿಗೆಂದು ನಿನ್ನ ವಿದ್ಯಾರ್ಥಿಗಳು ನಾಟಕ ಆಡಿದರು. ನೀನು ಪ್ರತಿ ವರ್ಷ ಪಾಠ ಮಾಡುತ್ತಿದ್ದ ಆ ಹಳೆಯ ನಾಟಕವೇ, ಕನ್ನಡದಲ್ಲಿ. "ಆ ಕಾಲೇಜಿನ ಮೆಟ್ಟಿಲು ಹತ್ತಬೇಡ" ಎಂದರು ನಮ್ಮವರು. "ಮಗಳ ಹೆಸರಿನಲ್ಲಿ ಆಡ್ತಾರೆ, ನಾನು ಹೋಗ್ತೇನೆ" ಎಂದು ಬಸ್ಸು ಹತ್ತಿದೆ.

ನಾಟಕದಲ್ಲಿ ಒಬ್ಬ ಸನ್ಯಾಸಿ. ಪ್ರೀತಿಸಿದ ಇಬ್ಬರು ಎಳೆಯರು ಅವನಲ್ಲಿಗೆ ಓಡಿ ಬರುತ್ತಾರೆ. ಒಳ್ಳೆಯದಾಗಲೆಂದೇ ಅವನು ಗುಟ್ಟು ಕಾಯುತ್ತಾನೆ, ಉಪಾಯ ಹೇಳಿಕೊಡುತ್ತಾನೆ. ಅವನು ಕಳಿಸಿದ ಸುದ್ದಿ ತಲುಪುವುದಿಲ್ಲ, ಇಬ್ಬರೂ ಸಾಯುತ್ತಾರೆ. ಕೊನೆಗೆ ದೊರೆ ಅವನನ್ನು ಒಳ್ಳೆಯವನೆಂದು ಬಿಟ್ಟುಬಿಡುತ್ತಾನೆ. ನನ್ನ ಹಿಂದೆ ಕೂತ ಹೆಂಗಸು, "ಮೊದಲು ಆ ಮುದುಕನನ್ನು ಹಿಡಿದು ಒಳಗೆ ಹಾಕಬೇಕಿತ್ತು ಮಾರಾಯ್ತಿ" ಎಂದಳು. ನನಗೆ ಮೈಯೆಲ್ಲ ಉರಿಯಿತು. ಅವಳ ಮೇಲೋ ಸನ್ಯಾಸಿಯ ಮೇಲೋ ತಿಳಿಯಲಿಲ್ಲ.

ನೀನು ಮಾಡಿದ್ದೂ ಅದನ್ನೇ ಅಲ್ಲವೇ? ಅಪ್ಪ ಗೊತ್ತು ಮಾಡಿದ ದುಬೈಯ ಗಂಡು ಬೇಡ, ಓದು ಮುಗಿಸಬೇಕು ಎಂದು ಅಕ್ಷಿತಾ ನಿನ್ನ ಹತ್ತಿರ ಅತ್ತಳು. "ಈಗ ಜಗಳ ಬೇಡ. ನಿಶ್ಚಿತಾರ್ಥದ ದಿನ ದಾಟಲಿ, ಅಮ್ಮನಿಗೆ ನಾನೇ ಹೇಳ್ತೇನೆ" ಎಂದು ಅವಳನ್ನು ಅಳದಂಗಡಿಗೆ, ನಿನ್ನ ಅಕ್ಕನ ಮನೆಗೆ ಕಳಿಸಿದೆ. ಆಮೇಲೆ ನನಗೆ ಹೇಳಲು ನಿನಗೆ ಧೈರ್ಯ ಬರಲಿಲ್ಲ. ಇಲ್ಲಿ ನಾವು ಪೊಲೀಸ್ ಸ್ಟೇಷನ್ನಿಗೆ ಅಲೆಯುತ್ತಿದ್ದೆವು. ಅಲ್ಲಿ ಅವಳಿಗೆ ಡೆಂಗ್ಯೂ. ಆಸ್ಪತ್ರೆಗೆ ಹೋದರೆ ಸಿಕ್ಕಿಬೀಳುತ್ತೇನೆಂದು ಮಾತ್ರೆ ನುಂಗಿ ಮಲಗಿದಳು. ಬೆಳ್ತಂಗಡಿಯ ಆಸ್ಪತ್ರೆಯಿಂದ ನೀನು ಫೋನ್ ಮಾಡುವಾಗ ಹೊತ್ತು ಮೀರಿತ್ತು.

ಆ ಮೌನ ನಿನ್ನ ತಪ್ಪು. ಅದನ್ನು ನಾನು ಕ್ಷಮಿಸಿಲ್ಲ, ಕ್ಷಮಿಸಿದ್ದೇನೆಂದು ಸುಳ್ಳು ಬರೆಯುವುದೂ ಇಲ್ಲ. ಆದರೆ ಉಳಿದದ್ದನ್ನು ನಿನ್ನ ತಲೆಗೆ ಕಟ್ಟಲು ಯಾರಿಗೂ ಬಿಡುವುದಿಲ್ಲ, ನಿನಗೂ ಬಿಡುವುದಿಲ್ಲ. ನಿನ್ನ ಹೆಸರು ಕೇಳಿಯೇ ನೆಂಟರು ಬೇರೆ ಕಥೆ ಕಟ್ಟಲು ಬಂದಾಗ, "ನನ್ನ ಮಗಳು ಸತ್ತದ್ದು ಜ್ವರದಿಂದ. ಜಾತಿ ಮಾತಾಡುವವರಿಗೆ ಈ ಮನೆಯಲ್ಲಿ ಚಹಾ ಇಲ್ಲ" ಎಂದು ಎಬ್ಬಿಸಿ ಕಳಿಸಿದೆ. ನಮ್ಮವರು "ಅವಳೇ ಕೊಂದದ್ದು" ಎಂದಾಗ, "ದಿನ ಇಡುವ ಮೊದಲು ಮಗಳನ್ನು ನೀವು ಕೇಳಿದ್ದೀರಾ? ನಾನು ಕೇಳಿದ್ದೇನಾ?" ಎಂದೆ. ಊಟ ಬಿಟ್ಟು ಎದ್ದು ಹೋದರು. ಹೋಗಲಿ.

ನಾಟಕ ಮುಗಿದ ಮೇಲೆ ಸನ್ಯಾಸಿಯ ವೇಷ ಹಾಕಿದ್ದ ಹುಡುಗಿ ಗಡ್ಡ ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಬಂದಳು. "ಆಂಟಿ, ಸಜ್ನಾ ಮೇಡಂ ಇನ್ನು ಬರುವುದಿಲ್ವಾ? ನಮಗೆ ಏನಾದ್ರೂ ಹೇಳಿಕೊಳ್ಳುವ ಅಂದ್ರೆ ಯಾರೂ ಇಲ್ಲ."

"ಬರ್ತಾರೆ" ಎಂದೆ. ನಿನ್ನನ್ನು ಕೇಳದೆಯೇ ಮಾತು ಕೊಟ್ಟೆ.

ಮಾಣಿಯಲ್ಲಿ ಕದ ಹಾಕಿಕೊಂಡು ಅಳುವುದು ಸಾಕು. ಕ್ಲಾಸಿಗೆ ಹೋಗು. ಇನ್ನೊಬ್ಬಳು ಅಳುತ್ತ ಬಂದರೆ ಕೂರಿಸಿ ಕೇಳು, ಅವಳ ಪರ ನಿಲ್ಲು. ಆದರೆ ಗುಟ್ಟು ಮಾಡಬೇಡ. ಅವಳ ಮನೆಗೇ ಹೋಗಿ ಮುಖ ನೋಡಿ ಹೇಳು. ಒಬ್ಬಳೇ ಹೋಗಲು ಹೆದರಿಕೆಯಾದರೆ ನನ್ನನ್ನು ಕರೆ. ಯಾರು ಏನೆಂದರೂ ಬರುತ್ತೇನೆ.

ಉಮ್ಮನಿಗೆ ನನ್ನ ನಮಸ್ಕಾರ. ನಿನ್ನ ಮಕ್ಕಳು ಚೆನ್ನಾಗಿರಲಿ, ಮನಸ್ಸಿನಲ್ಲಿದ್ದದ್ದನ್ನು ನಿನ್ನ ಹತ್ತಿರವೇ ಹೇಳುವಂತಿರಲಿ.

ನಿನ್ನ
ಪ್ರಫುಲ್ಲಾ

ಇನ್ನೊಂದು ಮಾತು, ಯಾರಿಗೂ ಹೇಳಿಲ್ಲ. ಐಸಿಯುವಿನ ಹೊರಗೆ ನಮ್ಮವರು ನಿನ್ನನ್ನು ತಡೆದು ನಿಲ್ಲಿಸಿದರಲ್ಲ, ಆಗ ಒಳಗೆ ಅಕ್ಷಿತಾ ಕಣ್ಣು ಬಿಟ್ಟಿದ್ದಳು. ಕೈ ಹಿಡಿದೆ. ನನ್ನ ಗುರುತು ಸಿಕ್ಕಿತು. ಸಿಕ್ಕಿದ ಕೂಡಲೇ ಹೆದರಿ ಕೈ ಎಳೆದುಕೊಂಡಳು. "ಮೇಡಂ ಎಲ್ಲಿ?" ಎಂದಳು. "ಹೊರಗೆ ಇದ್ದಾರೆ ಮಗಾ" ಎಂದೆ. ಮತ್ತೆ ಅವಳು ಮಾತಾಡಲಿಲ್ಲ.