ಹನ್ನೊಂದು ದಿನದ ಬಾಟಲಿಗಳು

ತಾ. ೧೪, ಗುರುವಾರ
ವಾರ್ಡಿನ ಹೊರಗಿನ ಬೆಂಚು

ಚೂಟಿ, ನನ್ನ ಮಗಳೇ,

ಹಾಗಾಗಿ ನಿನ್ನ ಕಾಲಿಗೆ ಔಷಧಿಯಾಗಬೇಕಾದ ಆ ವೈರಸ್ಸುಗಳಿಗೆ ನಮ್ಮ ಮೇಲೆ ಏನೂ ಸಿಟ್ಟಿಲ್ಲ, ಅವು ತಿನ್ನುವುದು ಬ್ಯಾಕ್ಟೀರಿಯಾವನ್ನು ಮಾತ್ರ ಎಂಬಲ್ಲಿಗೆ ನಿನ್ನೆಯ ಕಾಗದ ನಿಂತಿತ್ತು. ನರ್ಸಮ್ಮ ಬಂದು, "ತಾತ, ಬಾಗಿಲಿಗೇ ಅಡ್ಡ ಕೂತಿದೀರಲ್ಲ" ಎಂದು ಎಬ್ಬಿಸಿಬಿಟ್ಟರು. ಅದಕ್ಕೂ ಮುಂಚೆ ಮೂರು ದಿನ ಒಂದು ಗೆರೆಯನ್ನೂ ಬರೆಯಲಿಲ್ಲ, ಕ್ಷಮಿಸು. ಯಾಕೆಂದು ಇವತ್ತು ಹೇಳಿಬಿಡುತ್ತೇನೆ. ಗಾಜಿನ ಈಚೆಯಿಂದ ಕೈ ಬೀಸಿದರೆ ಎರಡು ದಿನದಿಂದ ನಿನಗೆ ಗುರುತೇ ಹತ್ತುತ್ತಿಲ್ಲ. ಜ್ವರ ಇಳಿದ ಮೇಲೆ ಓದಿ ಹೇಳುತ್ತೇನೆಂದು ನರ್ಸಮ್ಮ ಮಾತು ಕೊಟ್ಟಿದ್ದಾರೆ.

ಮುರಿದ ಕಾಲಿಗೆ ರಾಡು ಹಾಕಿದರು, ಆ ರಾಡನ್ನೇ ಹಿಡಿದುಕೊಂಡು ಈ ಹಾಳು ಬ್ಯಾಕ್ಟೀರಿಯಾ ಮೂಳೆಯೊಳಗೆ ಬಿಡಾರ ಹೂಡಿತು. ಯಾವ ಔಷಧಿಗೂ ಅದು ಜಗ್ಗುತ್ತಿಲ್ಲ. ನಿನ್ನ ಬಸ್ಸಿನ ಡ್ರೈವರ್ ಮೊನ್ನೆ ಬಂದವನು, "ಟಿಕೆಟ್ ಇಲ್ದೆ ಒಂದು ಸೊಳ್ಳೇನೂ ಹತ್ತಿಸಲ್ಲ ನಮ್ಮ ಕಂಡಕ್ಟ್ರಮ್ಮ, ಈ ಹುಳಕ್ಕೆ ಯಾರು ಪಾಸ್ ಕೊಟ್ರು?" ಎಂದು ನಗಿಸಲು ನೋಡಿದ. ಆಮೇಲೆ ಮುಖ ತಿರುಗಿಸಿಕೊಂಡು ಮೂಗು ಒರೆಸಿಕೊಂಡ.

ಲ್ಯಾಬಿನ ಮೇಡಂ ಒಬ್ಬರಿದ್ದಾರೆ, ದಪ್ಪ ಕನ್ನಡಕದವರು. ನಾನು ಮನಸ್ಸಿನಲ್ಲೇ ಸೋಡಾಬುಡ್ಡಿ ಎಂದು ಹೆಸರಿಟ್ಟಿದ್ದೇನೆ, ನೀನು ಎಲ್ಲೂ ಬಾಯಿ ಬಿಡಬೇಡ. ಅವರ ಫ್ರಿಜ್ಜಿನಲ್ಲಿ ಇಂಥ ವೈರಸ್ಸುಗಳು ಮೂವತ್ತೊಂಬತ್ತು ಬಗೆ ಇದ್ದವು. ನಿನ್ನ ಕಾಲಿನ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸಿ ಒಂದೊಂದರ ಹನಿಯನ್ನೂ ಬಿಟ್ಟು ನೋಡಿದರು. ಬ್ಯಾಕ್ಟೀರಿಯಾ ಸತ್ತ ಜಾಗದಲ್ಲಿ ತಿಳಿಯಾದ ಚುಕ್ಕೆ ಬೀಳಬೇಕಂತೆ. ಒಂದೂ ಬೀಳಲಿಲ್ಲ. "ಹಾಗಾದರೆ ಮೂವತ್ತೊಂಬತ್ತೂ ದಂಡವೇ?" ಎಂದೆ.

"ದಂಡ ಅಲ್ಲ ಯಜಮಾನ್ರೇ. ಇವುಗಳಲ್ಲಿ ಒಂದೊಂದಕ್ಕೆ ಒಂದೊಂದೇ ಬ್ಯಾಕ್ಟೀರಿಯಾ ಒಗ್ಗೋದು. ಒಂದೇ ಗುಂಡಿಯಿಂದ ಎರಡು ವೈರಸ್ ತಂದಿದ್ದೆ, ನೋಡೋಕೆ ಅವಳಿಜವಳಿ. ಜೀನು ಓದಿದ್ರೆ ಒಂದಕ್ಕೊಂದು ನೆಂಟಸ್ತಿಕೆನೇ ಇಲ್ಲ! ಅರ್ಧ ಜೀನುಗಳು ಏನು ಮಾಡ್ತವೆ ಅನ್ನೋದು ಯಾರಿಗೂ ಗೊತ್ತಿಲ್ಲ. ಜೆನೆಟಿಕ್ ಡೈವರ್ಸಿಟಿ ಅಂದ್ರೆ ಇದು."

ಕಾಲೇಜಿನ ಇಂಗ್ಲಿಷು ಎಲ್ಲಿ ಅಡಗಿತ್ತೋ, "ಯೂನಿಟಿ ಇನ್ ಡೈವರ್ಸಿಟಿ" ಎಂದುಬಿಟ್ಟೆ. ಮುಂದಿನ ಸಾಲು ನೆನಪಾಗಲಿಲ್ಲ.

"ಯೂನಿಟಿ ಎಲ್ಲಿಂದ ಬಂತು? ಇಲ್ಲಿ ಬರೀ ಡೈವರ್ಸಿಟಿ. ಅದೇ ನಮ್ಮ ಪುಣ್ಯ. ಹುಡುಕ್ತಾ ಹೋದ್ರೆ ಇವಳ ಕಾಲಿಗೆ ಆಗೋದೂ ಯಾವ್ದೋ ಕೊಳಚೆ ನೀರಲ್ಲಿ ಇರುತ್ತೆ."

ಹುಡುಕುವ ಕೆಲಸ ನನಗಿರಲಿ ಎಂದೆ. ಆಸ್ಪತ್ರೆಯ ಹಿಂದಿನ ಮೋರಿ, ಮಾರ್ಕೆಟ್ಟಿನ ಚರಂಡಿ, ಕೊಳಚೆ ನೀರಿನ ತೊಟ್ಟಿ, ನಾನು ಬಗ್ಗದ ಗುಂಡಿಯಿಲ್ಲ. ಬಾಟಲಿಗೆ ಹಗ್ಗ ಕಟ್ಟಿ ಇಳಿಬಿಡುವುದು, ತುಂಬಿದ ಮೇಲೆ ಚೀಟಿ ಅಂಟಿಸುವುದು. ದಿನಕ್ಕೆ ಎಂಟರಂತೆ ಹನ್ನೊಂದು ದಿನ ತಂದು ಕೊಟ್ಟೆ. ಯಾವುದರಲ್ಲೂ ಏನೂ ಸಿಗಲಿಲ್ಲ. ನಿನ್ನ ಬ್ಯಾಕ್ಟೀರಿಯಾಕ್ಕೆ ಆಗುವುದು ಹಾಗಿರಲಿ, ಯಾವ ಬ್ಯಾಕ್ಟೀರಿಯಾಕ್ಕೆ ಆಗುವ ವೈರಸ್ಸೂ ಇಲ್ಲ.

"ಚರಂಡಿ ನೀರಲ್ಲಿ ಒಂದೂ ಇಲ್ಲ ಅಂದ್ರೆ ಸಂತೆಲಿ ಜನಾನೇ ಇಲ್ಲ ಅಂದ ಹಾಗಾಯ್ತು" ಎಂದು ಸೋಡಾಬುಡ್ಡಿ ತಲೆ ಕೆರೆದುಕೊಂಡರು. ಭಾನುವಾರ ಒಂದು ಬಾಟಲಿಯ ಮುಚ್ಚಳ ತೆಗೆದು ಮೂಸಿದರು. "ಇದೇನ್ರೀ, ಈಜುಕೊಳದ ವಾಸನೆ?"

ಮಗಳೇ, ನಾನು ಮೂವತ್ತನಾಲ್ಕು ವರ್ಷ ವಾಟರ್ ವರ್ಕ್ಸಿನಲ್ಲಿ ನೀರಿಗೆ ಕ್ಲೋರಿನ್ ಬೆರೆಸಿದವನು. ಬಾಟಲಿ ಕೈಗೆ ಬಂದರೆ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಒಮ್ಮೆ ಕುಲುಕದೆ ನನ್ನ ಕೈ ಸುಮ್ಮನಿರದು. ಅವರು ಶುದ್ಧಮಾಡಿಯೇ ಕೊಟ್ಟಿದ್ದ ಬಾಟಲಿಗಳನ್ನೂ ಮನೆಗೆ ಒಯ್ದು ಕುಲುಕಿದೆ. ಸಾಲದೆಂದು ತಳದಲ್ಲಿ ನಾಲ್ಕು ಹನಿ ಬಿಟ್ಟೆ. ಕೊಳಕು ನೀರು ನಿನ್ನ ಹೆಸರಿನ ಬಾಟಲಿಗೆ ಬೀಳುತ್ತದಲ್ಲ ಎಂಬ ಸಂಕಟ. ನಿನ್ನನ್ನು ಉಳಿಸಬೇಕಾದದ್ದು ಯಾವ ಬಾಟಲಿಯಲ್ಲಿತ್ತೋ ಏನೋ, ಅದನ್ನು ನನ್ನ ಕೈಯಾರೆ ಕೊಂದೆ.

ಸೋಡಾಬುಡ್ಡಿ ಬಯ್ಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಹೊಸ ಬಾಟಲಿಗಳನ್ನು ಎಣಿಸಿ ಕೊಟ್ಟರು. "ಇದನ್ನ ತೊಳೀಬೇಡಿ, ಒರೆಸ್ಬೇಡಿ, ದೇವರಾಣೆ ಮುದ್ದೂ ಮಾಡ್ಬೇಡಿ." ಆಮೇಲೆ ಮೂರು ದಿನ ಬರೆಯಲು ಮುಖ ಎಲ್ಲಿತ್ತು? ನಿಮ್ಮಮ್ಮ ಇದ್ದಿದ್ದರೆ ಅಲ್ಲೇ ಗ್ರಹಚಾರ ಬಿಡಿಸುತ್ತಿದ್ದಳು. ಬಯ್ಯುವವರಿಲ್ಲದ ಮನೆಯಲ್ಲಿ ಮಾಡಿದ ತಪ್ಪು ಬಹಳ ದೊಡ್ಡದಾಗಿ ಕಾಣುತ್ತದೆ.

ಇವತ್ತು ಬೆಳಿಗ್ಗೆ ಅವರೇ ಓಡಿಬಂದು ನನ್ನ ತೋಳು ಹಿಡಿದು ಎಳೆದುಕೊಂಡು ಹೋದರು. ನಿಮ್ಮ ಡಿಪೋದಲ್ಲಿ ಬಸ್ಸು ತೊಳೆಯುವ ಗುಂಡಿಯಿಂದ ಸೋಮವಾರ ತಂದ ನೀರು. ತಟ್ಟೆಯ ಮೇಲೆ, ಮಂಜುಗಟ್ಟಿದ ಗಾಜನ್ನು ಬೆರಳಲ್ಲಿ ಒರೆಸಿದ ಹಾಗೆ, ಒಂದು ಚುಕ್ಕೆ! ಇಂಥದ್ದನ್ನು ತಾನು ಈವರೆಗೆ ಕಂಡಿಲ್ಲ ಎಂದರು. ನಾನು ಕೈ ಮುಗಿದೆ, ತಟ್ಟೆಗೋ ಅವರಿಗೋ ತಿಳಿಯದು. ಬೆಳೆಸಿ, ಸೋಸಿ, ಮೈಗೆ ಹಾಕುವ ಹಾಗೆ ಮಾಡಲು ಆರು ದಿನ ಬೇಕಂತೆ. ನಿದ್ದೆ ಬಿಟ್ಟು ಮಾಡಿದರೂ ಆರೇ. "ನಾನು ಬೇಗ ಬೆಳಸ್ಬಹುದು, ಅದು ಬೇಗ ಬೆಳೀಬೇಕಲ್ಲ ಯಜಮಾನ್ರೇ" ಎಂದರು.

ಇನ್ನೂ ಬರೆಯುವುದಿತ್ತು. ಈ ಕಾರಿಡಾರಿನ ಟ್ಯೂಬ್‌ಲೈಟು ಕೆಟ್ಟಿದೆ, ಕಿಟಕಿಯ ಬೆಳಕೂ ಆಗಲೇ ಹೋಗುತ್ತಿದೆ, ಗೆರೆ ಗೆರೆಯ ಮೇಲೆ ಹತ್ತುತ್ತಿದೆ. ನೂರು ವರ್ಷ ಬಾಳು ತಾಯಿ. ನನ್ನ ಆಯಸ್ಸೂ ನಿನಗೇ ಇರಲಿ.

ನಿನ್ನ ಅಪ್ಪ

ತಾ.ಕ.: ಆರು ದಿನ ಕಾಯಲಾಗದು, ವಿಷ ರಕ್ತಕ್ಕೆ ಇಳಿಯುತ್ತಿದೆ ಎಂದು ಮಧ್ಯಾಹ್ನ ದೊಡ್ಡ ಡಾಕ್ಟರು ಹೇಳಿದರು. ಮೂರು ದಿನ ಕೊಡಿ ಎಂದೆ, ಎರಡು ಎಂದೆ, ಕಾಲು ಹಿಡಿಯಲೂ ಹೋದೆ. ನಿನ್ನನ್ನು ಕೇಳೋಣವೆಂದರೆ ಹೇಳುವ ಸ್ಥಿತಿಯಲ್ಲಿ ನೀನಿರಲಿಲ್ಲ. ಮಂಡಿಯ ಮೇಲಿನಿಂದ ಎಡಗಾಲು ತೆಗೆಯುತ್ತಾರೆ, ನಾಳೆ ಬೆಳಿಗ್ಗೆ. ಸಹಿ ಹಾಕಿದ್ದು ನಾನು. ಈ ಕಾಗದ ನಿನಗೆ ಓದಿ ಹೇಳುವಷ್ಟರಲ್ಲಿ ಅದು ಆಗಿರುತ್ತದೆ. ಯಾರು ಒಪ್ಪಿದರು ಎಂದು ನೀನು ಕೇಳಿದರೆ ಬೇರೆ ಯಾರ ಹೆಸರನ್ನೂ ಹೇಳಬೇಡಿ ಎಂದು ನರ್ಸಮ್ಮನಿಗೆ ಹೇಳಿಟ್ಟಿದ್ದೇನೆ. ಬಯ್ಯಿ, ಮುಖ ನೋಡಬೇಡ, ಅಪ್ಪ ಎನ್ನಬೇಡ. ಬಯ್ಯುವುದಕ್ಕಾದರೂ ಕಣ್ಣು ಬಿಡು.