ಎರಡು ಮಾತಿನಲ್ಲಿ ನೀರು

ಹಿರೋಶಿಮಾ
19 ಜುಲೈ 2003

ಪ್ರೀತಿಯ ಅಮ್ಮಾ,

ಮಂಡಿ ನೋವು ಹೇಗಿದೆ? ಒಸಾಕಾದಲ್ಲಿ ಅಣ್ಣನ ಮನೆಯ ಮೆಟ್ಟಿಲನ್ನು ದಿನಕ್ಕೆಷ್ಟು ಸಲ ಹತ್ತಿ ಇಳಿಯುತ್ತೀಯೆಂದು ಕೇಳಿದರೆ ನೀನು ನಿಜ ಹೇಳುವವಳಲ್ಲ. ಕಳಿಸಿದ ಕಿಮ್ಚಿ ಉಪ್ಪಿನಕಾಯಿ ಬಂದು ಮುಟ್ಟಿತು. ಕೊರಿಯರ್‌ನವನಿಗೆ ವಾಸನೆ ಬಡಿಯಬಾರದೆಂದು ಡಬ್ಬಿಗೆ ಅದೆಷ್ಟು ಪ್ಲಾಸ್ಟಿಕ್ ಸುತ್ತಿದ್ದೀಯ! ಬಿಚ್ಚುವಷ್ಟರಲ್ಲಿ ಅನ್ನ ಆರಿತ್ತು. ಇಲ್ಲಿ ಮಳೆ ಇನ್ನೂ ಬಿಟ್ಟಿಲ್ಲ, ಪಿಯಾನೋ ಕೂಡ ಬೆವರುತ್ತಿದೆ. ನಾನು ಚೆನ್ನಾಗಿದ್ದೇನೆ. ಸಿಟ್ಟಿನಲ್ಲಿದ್ದೇನೆ, ಅಷ್ಟೆ.

ಆಗಸ್ಟ್ ಆರರ ಸ್ಮರಣೆಗೆ ಹೊಸ ಸಮೂಹಗೀತೆ ಬೇಕೆಂದು ನಮ್ಮ ನದಿದಂಡೆಯ ಸಮಿತಿಯವರು ನನ್ನನ್ನು ಕೇಳಿದ್ದರಲ್ಲ. ವಿಷಯ ಅವರೇ ಕೊಟ್ಟಿದ್ದು: ಶಾಂತಿ, ಸಮಾನತೆ. ಆ ಪದಗಳನ್ನು ಮುಂದಿಟ್ಟುಕೊಂಡು ಕೂತರೆ ಒಂದು ಸ್ವರವೂ ಹೊರಡಲಿಲ್ಲ. ಕೊನೆಗೆ, ನೀನು ಒಮ್ಮೆ, ಒಮ್ಮೆ ಮಾತ್ರ, ಬೆಳ್ಳುಳ್ಳಿ ಸುಲಿಯುತ್ತ ಹೇಳಿದ್ದು ನೆನಪಾಯಿತು. ಬಾಂಬು ಬಿದ್ದ ದಿನ ದೊಡ್ಡಮ್ಮ ಸುಟ್ಟ ಮೈಯಲ್ಲಿ ನದಿಯ ಮೆಟ್ಟಿಲ ಮೇಲೆ ಮಲಗಿ, ನಮ್ಮ ಕೊರಿಯನ್ ಮಾತಿನಲ್ಲಿ "ಮುಲ್, ಮುಲ್" ಎಂದು ನೀರು ಕೇಳುತ್ತಿದ್ದಳಂತೆ. ತಾತ ಅವಳ ಕಿವಿಗೆ ಬಾಯಿಟ್ಟು, "ಜಪಾನಿಯಲ್ಲಿ ಕೇಳು ಮಗಾ, ಮಿಜು ಅನ್ನು, ಆಗ ಕೊಡ್ತಾರೆ" ಅಂದರಂತೆ. ಅಷ್ಟು ಹೇಳಿ ನೀನು ಸಿಪ್ಪೆ ಗುಡಿಸಿದೆ. ನಾನೂ ಅಷ್ಟನ್ನೇ ಬರೆದೆ. ಮೇಲುದನಿಯವರು "ಮಿಜು" ಎನ್ನುತ್ತಾರೆ, ಕೆಳದನಿಯವರು "ಮುಲ್". ತುಂಬ ಹೊತ್ತು ಒಬ್ಬರದು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಕಡೆಗೆ ಒಂದೇ ಸ್ವರದ ಮೇಲೆ ಬಂದು ನಿಲ್ಲುತ್ತಾರೆ.

ನಮ್ಮ ಗಾಯನ ತಂಡದ ಜಪಾನಿ ಹೆಂಗಸರ ನಾಲಿಗೆಗೆ "ಮುಲ್" ಸುಲಭಕ್ಕೆ ಹೊರಳಲಿಲ್ಲ. "ಮುರು, ಮುರು" ಎಂದೇ ಹಾಡುತ್ತಿದ್ದರು. ನಾಲಿಗೆ ಮೇಲೆತ್ತಿ, ಅಲ್ಲೇ ಇಡಿ, ಇಳಿಸಬೇಡಿ ಎಂದು ಹೇಳಿ ಹೇಳಿ ನನಗೇ ಬೇಸರವಾಗಿತ್ತು. ಸಿಂಪಿಯ ಚಿಪ್ಪು ಬಿಡಿಸುವ ಕೆಲಸದ ಓಕುಬೊ ಅಜ್ಜಿ ಕನ್ನಡಿ ಹಿಡಿದುಕೊಂಡೇ ಕಲಿತರು. ಅಂತೂ ಹೋದ ವಾರ ಇಡೀ ಸಾಲು ಸರಿಯಾಗಿ ಹಾಡಿತು.

ಅದೇ ಸಂಜೆ ಸಮಿತಿಯ ಅಧ್ಯಕ್ಷ ಮೊರಿವಾಕಿ ಸಿಹಿಯ ಡಬ್ಬಿ ಹಿಡಿದು ಬಂದರು. ಅವರು ಅಷ್ಟು ಬಾಗಿ ನಮಸ್ಕರಿಸಿದಾಗಲೇ ಏನೋ ಕೆಟ್ಟದ್ದಿದೆ ಎನ್ನಿಸಿತು. "ರಾಗ ಹಾಗೇ ಇರ್ಲಿ ಮೇಡಂ, ಒಂದು ಸ್ವರಾನೂ ತೆಗೀಬೇಡಿ. ಕೆಳದನಿಯವ್ರು ಆ ಪದ ಬಿಟ್ಟು ಬಾಯಿ ಮುಚ್ಕೊಂಡು ಗುನುಗಲಿ, ಇನ್ನೂ ಇಂಪಾಗಿರುತ್ತೆ. ಇದು ಎಲ್ಲರ ಸಮಾರಂಭ ನೋಡಿ, ಒಬ್ಬರ ಭಾಷೆ ಮಾತ್ರ ತಂದ್ರೆ..." ಜಪಾನಿ ಯಾರೊಬ್ಬರ ಭಾಷೆಯೂ ಅಲ್ಲ, ಗಾಳಿಯ ಹಾಗೆ ತಾನಾಗಿ ಇದೆ ಎಂಬಂತೆ! ಓಕುಬೊ ಅಜ್ಜಿ ಎದ್ದು ನಿಂತು, "ನಲವತ್ತು ವರ್ಷ ಗಂಡನ ಮನೇಲಿ ಬಾಯಿ ಮುಚ್ಕೊಂಡಿದ್ದೆ ಸ್ವಾಮಿ, ಅದಕ್ಕೆ ನನಗೆ ರಿಹರ್ಸಲ್ ಬೇಡ" ಅಂದರು. ಎಲ್ಲರೂ ನಕ್ಕರು. ಮೊರಿವಾಕಿಯವರೂ ನಕ್ಕರು. ಆದರೆ ಮಾತು ಬದಲಿಸಲಿಲ್ಲ. ಹಾಗಿದ್ದರೆ ಮೇಲುದನಿಯವರೂ ಗುನುಗಲಿ, ಮಿಜುವೂ ಬೇಡ ಎಂದೆ. ಅವರಿಗೆ ನಿಜವಾಗಿ ಗಾಬರಿಯಾಯಿತು. "ಅಯ್ಯೋ, ಆಗ ಅವ್ರು ಏನು ಕೇಳ್ತಿದಾರೆ ಅಂತಾನೇ ಜನಕ್ಕೆ ತಿಳಿಯಲ್ವಲ್ಲ!" ವಿಚಾರಿಸಿ ತಿಳಿಸುತ್ತೇನೆ ಎನ್ನುತ್ತ ಅವರು ಶೂ ಹುಡುಕಿದರು.

ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಆ ವಿನಯಕ್ಕೆ ಏನು ಮಾಡಲಿ? ಸಿಹಿ ರುಚಿಯಾಗಿತ್ತು, ಅದಕ್ಕೂ ಸಿಟ್ಟು ಬಂತು. ಒಂದು ಸಾಲು ಹಾಡಿ, ಇನ್ನೊಂದು ಸಾಲು ಬಾಯಿ ಮುಚ್ಚಿ ಅದಕ್ಕೆ ಇಂಪು ಕೊಡುವ ಶಾಂತಿ ಈ ಊರಲ್ಲಿ ಬೇಕಾದಷ್ಟಿದೆ. ಅದಕ್ಕೆ ಯಾರೂ ಹೊಸದಾಗಿ ಸಂಗೀತ ಬರೆಯಬೇಕಾಗಿಲ್ಲ.

ಅಣ್ಣ ಅತ್ತಿಗೆಗೆ ನನ್ನ ನೆನಪು ಹೇಳು, ಮಗುವಿನ ಕೆನ್ನೆಗೆ ನನ್ನದೊಂದು ಮುತ್ತು. ಬಿಸಿ ಶಾಖ ತೆಗೆದುಕೊಳ್ಳುವುದನ್ನು ಮರೆಯಬೇಡ.

ನಿನ್ನ ಮಗಳು,
ಯೊನ್ಮಿ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲೇ ಫೋನ್ ಬಂತು. ಹಾಡನ್ನು ಕಾರ್ಯಕ್ರಮದಿಂದ ಕೈಬಿಟ್ಟಿದ್ದಾರೆ, ಬಹಳ ವಿಷಾದದಿಂದ. ನಾವು ಎದುರು ದಡದಲ್ಲಿ ಮೈಕಿಲ್ಲದೆ ಹಾಡುತ್ತೇವೆ, ಎರಡೂ ಪದಗಳನ್ನು. ಹೆಂಗಸರಿಗೆಲ್ಲ ಫೋನ್ ಮಾಡಿದೆ. ಕೆಳದನಿಯ ಇಬ್ಬರು ಬರುವುದಿಲ್ಲವಂತೆ, ಮನೆಯಲ್ಲಿ ಬೇಡವೆಂದರಂತೆ. ಐದನೇ ತಾರೀಖಿನ ರೈಲಿಗೆ ನಿನ್ನ ಟಿಕೆಟ್ ಇದರೊಳಗಿದೆ. ಕೇಳುವವರ ಸಾಲಿನಲ್ಲಿ ನಿನಗೆ ಕುರ್ಚಿ ಇಟ್ಟಿಲ್ಲ, ಕೆಳದನಿಯವರ ಸಾಲಿನಲ್ಲಿ ಇಟ್ಟಿದ್ದೇನೆ.