ನೀಲಿ ಡಬ್ಬಿ, ಹಳೇ ಪೇಪರು

ಫೆಬ್ರವರಿ 3, ಬೆಳಿಗ್ಗೆ 10

ಪಂಪ್ ಎರಡು ಮತ್ತೆ ಸೋರುತ್ತಿದೆ. ಶೀತ ಹಿಡಿದ ಮಗುವಿನ ಮೂಗಿನ ಹಾಗೆ, ಸಣ್ಣಗೆ, ಬಿಡದೆ. ಸೀಲು ಹಾಕಿ ಇಪ್ಪತ್ತಾರೇ ದಿನ.

ಮೇಸ್ತ್ರಿ ಬಂದು ಸ್ಟೋರಿನ ಕೌಂಟರಿಗೆ ಮೊಣಕೈ ಊರಿದರು. ಪಂಪ್ ಹೌಸಿನಲ್ಲಿ ಅವರದೇ ಕೊನೆ ಮಾತು.

"ಮೇಡಂ, ನಿಮ್ಮ ಅತ್ತಿಗೆ ಸೀಲು ಮತ್ತೆ ಕೈಕೊಡ್ತು."

ನಿಮ್ಮ ಅತ್ತಿಗೆ ಸೀಲು. ಹಾಗೇ ಹೆಸರು ಬಿದ್ದುಬಿಟ್ಟಿದೆ. ಅಣ್ಣ ಹೋದ ಮೇಲೆ ಅತ್ತಿಗೆ ಲೇತ್ ಮಾರಲಿಲ್ಲ, ತಾವೇ ನಿಂತರು. ಎರಡು ಮೆಷಿನ್, ಒಬ್ಬ ವಯಸ್ಸಾದ ಟರ್ನರ್, ಇವರು. ಖಾಯಂ ಕೆಲಸ ಅಂತ ಇರುವುದು ನಮ್ಮ ವಾಟರ್ ಸಪ್ಲೈ ಆರ್ಡರ್ ಒಂದೇ. ಅದು ಹೋದರೆ ಶಟರ್ ಎಳೆಯುವುದೇ. ಸಂಬಂಧ ಎಲ್ಲರಿಗೂ ಗೊತ್ತು. ಆದ್ದರಿಂದ ನಾನು ಬಾಯಿ ಬಿಡುವ ಹಾಗಿಲ್ಲ. ಬಿಟ್ಟರೆ ತಮ್ಮವರ ಪರ ಅನ್ನುತ್ತಾರೆ.

ಹೊಸದು ಕೊಟ್ಟೆ. ಕಾರ್ಡಿನಲ್ಲಿ ಬರೆದೆ — ಪಂಪ್ 2, ಲೋಕಲ್, 26 ದಿನ. ಚಹಾ ತಣ್ಣಗಾಗಿತ್ತು. ಹಾಗೇ ಕುಡಿದೆ.

ಫೆಬ್ರವರಿ 19

ಇಂಪೋರ್ಟೆಡ್ ಲಾಟ್ ಬಂತು. ಹತ್ತು ನೀಲಿ ಡಬ್ಬಿ. ಒಳಗೆ ಸ್ಪಂಜಿನ ಹಾಸಿಗೆ, ಅದರ ಮೇಲೆ ಸೀಲು ಹಸುಗೂಸಿನ ಹಾಗೆ ಮಲಗಿದೆ. ನಾಲ್ಕು ಭಾಷೆಯಲ್ಲಿ ಸೂಚನೆ. ಅತ್ತಿಗೆಯದು ಹಳೇ ನ್ಯೂಸ್ ಪೇಪರು, ದಾರದ ಗಂಟು.

ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಒಂದೇ ಡ್ರಾಯಿಂಗ್, ಒಂದೇ ಅಳತೆ. ಬಳೆಯಂಥ ಸಾಮಾನು, ಕನ್ನಡಿಯ ಹಾಗೆ ಉಜ್ಜಿದ ಮುಖ. ತಿರುಗುವ ಶಾಫ್ಟಿನ ಪಕ್ಕದಿಂದ ನೀರು ಹೊರಗೆ ಬರದ ಹಾಗೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಫಾರಿನ್ನಿನ ಬೆನ್ನಿನಲ್ಲಿ ಇರುವೆಯಷ್ಟು ಸಣ್ಣ ಅಕ್ಷರ, ಅತ್ತಿಗೆಯದರ ಬೆನ್ನಿನಲ್ಲಿ ಮೂರು ಚುಕ್ಕೆ. ಚುಕ್ಕೆ ಹೊಡೆಯುವುದು ಅಣ್ಣನ ಅಭ್ಯಾಸ, ಅತ್ತಿಗೆ ಬಿಟ್ಟಿಲ್ಲ. ಕನ್ನಡಕ ಇಲ್ಲದೆ ಎರಡೂ ಕಾಣುವುದಿಲ್ಲ. ಮೇಸ್ತ್ರಿ ಕನ್ನಡಕ ಹಾಕುವುದಿಲ್ಲ, ಮರ್ಯಾದೆಗೆ ಕಡಿಮೆ.

ಮಧ್ಯಾಹ್ನ ಸಹಿಗೆಂದು ಪಂಪ್ ಹೌಸಿಗೆ ಹೋದೆ. ಪಂಪ್ ಒಂದಕ್ಕೆ ಇಂಪೋರ್ಟೆಡ್ ಹಾಕುತ್ತಿದ್ದರು. ಸೋಪು ಹಾಕಿ ಕೈ ತೊಳೆದರು. ಬಿಳಿ ಬಟ್ಟೆ ಹಾಸಿದರು. ಹೆಬ್ಬೆರಳು ಮುಖಕ್ಕೆ ತಾಗದ ಹಾಗೆ ಅಂಚಿನಲ್ಲಿ ಹಿಡಿದು... ಆಮೇಲೆ ಪಂಪ್ ನಾಲ್ಕಕ್ಕೆ ಅತ್ತಿಗೆಯದು. ಪೇಪರ್ ಹಲ್ಲಿನಲ್ಲೇ ಹರಿದರು. ಕೈತುಂಬ ಗ್ರೀಸು. ಕೂರದಿದ್ದಾಗ ಸುತ್ತಿಗೆ ಹಿಡಿಯಿಂದ ಎರಡೇಟು.

ಹೇಳೋಣ ಅನ್ನಿಸಿತು. ಸಹಿ ತೆಗೆದುಕೊಂಡು ಬಂದೆ.

ಫೆಬ್ರವರಿ 27, ಸಂಜೆ 5

ಇವತ್ತು ಒಂದು ಕೆಲಸ ಮಾಡಿದೆ. ಮನೆಯವರಿಗೆ ಹೇಳಿದರೆ ಊರಿಗೇ ಹೇಳಿದ ಹಾಗೆ, ಆದ್ದರಿಂದ ಇಲ್ಲಿ.

ಸುತ್ತಿಗೆ ಏಟು ತಿಂದ ಪಂಪ್ ನಾಲ್ಕರದು ಎಂಟೇ ದಿನಕ್ಕೆ ಹೋಗಿತ್ತು. ಮೂರಕ್ಕೂ ನಾಲ್ಕಕ್ಕೂ ಒಟ್ಟಿಗೇ ಸೀಲು ಬೇಕಾಗಿತ್ತು. ಆಫೀಸಿನ ನಿಯಮ — ಒಂದು, ಮೂರು ದೊಡ್ಡ ಪಂಪು, ಅವಕ್ಕೆ ಇಂಪೋರ್ಟೆಡ್. ಎರಡು, ನಾಲ್ಕಕ್ಕೆ ಲೋಕಲ್. ನಾನು ಅತ್ತಿಗೆಯದನ್ನು ನೀಲಿ ಡಬ್ಬಿಯ ಸ್ಪಂಜಿನ ಮೇಲೆ ಮಲಗಿಸಿದೆ. ಫಾರಿನ್ನನ್ನು ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದೆ. ಕಾರ್ಡಿನಲ್ಲಿ ಹೊದಿಕೆಗೆ ತಕ್ಕ ಹಾಗೆ ಬರೆದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸುಳ್ಳು.

ಪಂಪ್ ಹೌಸಿನ ಬಾಗಿಲಲ್ಲಿ ನಿಂತು ನೋಡಿದೆ. ಡಬ್ಬಿಗೆ ಸೋಪು, ಬಿಳಿ ಬಟ್ಟೆ. ಪೇಪರಿಗೆ ಸುತ್ತಿಗೆ.

ಮಾರ್ಚ್ 20

ಪಂಪ್ ನಾಲ್ಕು ಸೋರಿತು. ಇಪ್ಪತ್ತೊಂದು ದಿನ.

"ನೋಡಿ ಮೇಡಂ, ಬೇಜಾರು ಮಾಡ್ಕೋಬೇಡಿ. ಲೋಕಲ್ ಅಂದ್ರೆ ಲೋಕಲ್ಲೇ. ಫಾರಿನ್ ಮಾಲಿನ ಗತ್ತೇ ಬೇರೆ."

ಅವರ ಕೈಯಲ್ಲಿದ್ದದ್ದು ಫಾರಿನ್ ಮಾಲೇ. ಮುಖದ ಮೇಲೆ ಗೀರು, ಅಂಚಿನಲ್ಲಿ ಏಟಿನ ಗುರುತು. ನಗು ಬಂತು, ಕೆಮ್ಮಿ ತಡೆದೆ. ಬಳೆಯನ್ನು ಡ್ರಾಯರಿನಲ್ಲಿ ಹಾಕಿ ಬೀಗ ಹಾಕಿದೆ. ಪಂಪ್ ಮೂರು ಆರಾಮಾಗಿ ಓಡುತ್ತಿದೆ.

ಇಂಜಿನಿಯರ್ ಸಾಹೇಬರಿಗೆ ಹೇಳಬೇಕು. ಒಂದೇ ಸಲದ್ದನ್ನು ನಂಬುತ್ತಾರಾ? ಇನ್ನೆರಡು ಆಗಲಿ.

ಮೇ 9

ಪಂಪ್ ಒಂದನ್ನು ಬೇರಿಂಗಿಗೆಂದು ಬಿಚ್ಚಿದ್ದರು, ಈಗ ಅದರಲ್ಲೂ ಡಬ್ಬಿಯಲ್ಲಿ ಹೋದ ಅತ್ತಿಗೆಯದೇ. ಡಬ್ಬಿಯವು ಎರಡೂ ಓಡುತ್ತಿವೆ. ಪೇಪರಿನವು ಮೂರು ಹೋದವು. ಹೇಳಬೇಕು ಹೇಳಬೇಕು ಅಂತಲೇ ದಿನ ತಳ್ಳುತ್ತಿದ್ದೇನೆ. ಮೊದಮೊದಲು ಒಳಗೊಳಗೇ ಖುಷಿಯಿತ್ತು, ಮೇಸ್ತ್ರಿ ಡಬ್ಬಿಗೆ ಕೈ ಮುಗಿಯುವುದೊಂದು ಬಾಕಿ ಅಂತ. ಈಗ ಅದೂ ಇಲ್ಲ. ಸುಸ್ತು. ಮೊಣಕಾಲು ನೋವು. ಮೇಲಿನ ಕಪಾಟಿಗೆ ಏಣಿ ಹತ್ತುವಾಗ ದೇವರು ಕಾಣುತ್ತಾನೆ.

ಜೂನ್ 16, ಬೆಳಿಗ್ಗೆ 11

ಸಾಹೇಬರು ಕರೆದರು. ಹೋದ ತಿಂಗಳಿಂದ ನನ್ನ ಕಾರ್ಡುಗಳನ್ನೆಲ್ಲ ತರಿಸಿಕೊಂಡಿದ್ದರು. ಏನೋ ಲೆಕ್ಕಪತ್ರ ಅಂದುಕೊಂಡಿದ್ದೆ.

"ನಿಮ್ಮ ಕಾರ್ಡುಗಳು ಬಹಳ ಚೊಕ್ಕವಾಗಿವೆ. ನನ್ನ ಕೆಲಸ ಸುಲಭ ಆಯ್ತು." ಒಂದು ಹಾಳೆ ನನ್ನ ಕಡೆ ತಿರುಗಿಸಿದರು. ಇಂಪೋರ್ಟೆಡ್ — ಇನ್ನೂ ಓಡುತ್ತಿವೆ. ಲೋಕಲ್ — ನಾಲ್ಕಕ್ಕೆ ನಾಲ್ಕೂ ಫೇಲ್. ಕೆಳಗೆ ಟೈಪ್ ಆಗಿತ್ತು: ಜುಲೈ ಒಂದರಿಂದ ಎಲ್ಲ ಪಂಪುಗಳಿಗೂ ಇಂಪೋರ್ಟೆಡ್ ಮಾತ್ರ. ಲೋಕಲ್ ಆರ್ಡರ್ ರದ್ದು.

"ನಿಮ್ಮ ಅತ್ತಿಗೆಯವರು ಅಂತ ಗೊತ್ತು. ಆದ್ರೂ ನೀವು ಒಂದು ದಿನ ಮುಚ್ಚಿಡದೆ ಬರ್ದಿದ್ದೀರಿ. ಅದಕ್ಕೆ ಥ್ಯಾಂಕ್ಸ್."

ಹೂಂ ಸರ್ ಅಂದೆ. ಹೂಂ ಸರ್. ಅಷ್ಟೇ ಬಂತು ಬಾಯಿಗೆ.

ಅತ್ತಿಗೆಯ ಶಟರನ್ನು ನಾನೇ ಎಳೆದೆ. ಚೊಕ್ಕ ಅಕ್ಷರದಲ್ಲಿ.

ಜೂನ್ 18

ಸಾಹೇಬರ ಬಾಗಿಲ ತನಕ ಎರಡು ಸಲ ಹೋಗಿ ಬಂದೆ.

ಜೂನ್ 21, ಭಾನುವಾರ

ಅತ್ತಿಗೆಯ ಶಾಪಿಗೆ ಹೋದೆ. ಟರ್ನರಿಗೆ ರಜೆ. ಒಬ್ಬರೇ ಸ್ಟೂಲಿನ ಮೇಲೆ ಕೂತು ಮೈಕ್ರೋಮೀಟರ್ ಹಿಡಿದು ಒಂದೊಂದೇ ಬಳೆ ಅಳೆಯುತ್ತಿದ್ದರು. ರದ್ದಿನ ಪತ್ರ ಮೊಳೆಗೆ ಸಿಕ್ಕಿಸಿತ್ತು. ಆ ಬಗ್ಗೆ ಅವರು ಏನೂ ಕೇಳಲಿಲ್ಲ, "ಕೂತ್ಕೊ, ಗೋಡೆ ಹತ್ರ ಎಣ್ಣೆ ಇದೆ, ಸೀರೆ ನೋಡ್ಕೊ" ಅಂದರು ಅಷ್ಟೆ.

ಎಲ್ಲ ಹೇಳಿದೆ. ಡಬ್ಬಿ, ಪೇಪರು, ಕಾರ್ಡು. ಹೇಳುತ್ತಾ ಅತ್ತೆ. ಅವರು ಅಳೆಯುವುದನ್ನು ನಿಲ್ಲಿಸಲಿಲ್ಲ.

"ಮೂರರಲ್ಲಿ ಎಷ್ಟು ದಿನ ಆಯ್ತು?"

"ನೂರಾ ಹದಿನಾಲ್ಕು. ಒಂದು ಹನಿ ಸೋರಿಲ್ಲ ಅತ್ತಿಗೆ."

"ಯಾರ ಹೆಸರಲ್ಲಿ?"

ಸೆರಗಿನಿಂದ ಕಣ್ಣೊರೆಸಿಕೊಂಡೆ. ಅವರೇ ಹೇಳಿದರು.

"ಡಬ್ಬಿ ಹೆಸರಲ್ಲಿ. ಹಾಗಾದ್ರೆ ಅದು ನಂದಲ್ಲ." ಬಟ್ಟೆಯಲ್ಲಿ ಬೆರಳು ಒರೆಸಿಕೊಂಡರು. "ಇಷ್ಟೆಲ್ಲ ನಾಟಕ ಯಾಕೆ ಬೇಕಿತ್ತು ನಿಂಗೆ? ಮೇಸ್ತ್ರಿ, ಕೈ ತೊಳ್ಕೊಂಡು ಹಾಕಿ ಅಂತ ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ? ನಿಮ್ಮಣ್ಣ ಇದ್ದಾಗಿಂದ ನೋಡ್ತಿದ್ದೀಯ."

"ನಿಮ್ಮ ಪರ ಮಾತಾಡ್ತೀನಿ ಅಂತಾರೆ ಅಂತ..."

"ಅನ್ನಲಿ. ಪರ ಅಲ್ವಾ ಮತ್ತೆ ನೀನು?"

ಹೊರಡಲು ಎದ್ದೆ. ಬಾಗಿಲ ತನಕ ಬಂದು ಒಂದು ಪೊಟ್ಟಣ ಕೈಗಿಟ್ಟರು. ಕೊನೆಯ ಲಾಟು, ಆರು ಸೀಲು. ಅದೇ ಹಳೇ ಪೇಪರು. ದಾರದ ಗಂಟು ಬಿಗಿಯಾಗಿತ್ತು. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡೇ ಬಂದೆ.

ಜೂನ್ 24

ಕಾಗದ ಬರೆದೆ, ಒಂದೂವರೆ ಪುಟ. ಡ್ರಾಯರಿನಿಂದ ನಾಲ್ಕು ಹಾಳಾದ ಬಳೆ ತೆಗೆದೆ. ಎರಡನ್ನೂ ಸಾಹೇಬರ ಮೇಜಿನ ಮೇಲಿಟ್ಟೆ.

ಎರಡು ಸಲ ಓದಿದರು. ಭೂತಗನ್ನಡಿ ಹಿಡಿದು ನಾಲ್ಕರ ಬೆನ್ನೂ ನೋಡಿದರು. ಇರುವೆ ಅಕ್ಷರ. ಅವರ ಮುಖ ನನ್ನಿಂದ ನೋಡಲಾಗಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

"ಶುಕ್ರವಾರ ಪಂಪ್ ಮೂರು ಬಿಚ್ಚಿಸ್ತೀನಿ. ಅದರಲ್ಲಿ ಆ ಮೂರು ಚುಕ್ಕೆ ಇದ್ರೆ ರದ್ದಿನ ಆದೇಶ ವಾಪಸ್ ತಗೋತೀನಿ. ಇರ್ಲಿಲ್ಲ ಅಂದ್ರೆ ನೀವು ಹೇಳಿದ್ದೆಲ್ಲ ಸುಳ್ಳು."

"ಇದೆ ಸರ್."

"ಇದ್ರೆ ನಿಮ್ಮ ಕಾರ್ಡುಗಳು ಸುಳ್ಳು. ನಿಮ್ಮನ್ನ ಈ ಸ್ಟೋರಲ್ಲಿ ಇಟ್ಕೊಳ್ಳೋಕಾಗಲ್ಲ. ಅರ್ಥ ಆಯ್ತಲ್ವಾ?"

ಅರ್ಥವಾಗಿತ್ತು. ಈ ಸಲ ಹೂಂ ಅನ್ನಲಿಲ್ಲ, "ಬಿಚ್ಚಿಸಿ ಸರ್" ಅಂದೆ. ಭಯವಾಗುತ್ತಿದೆ. ಆದರೂ ರಾತ್ರಿ ನಿದ್ದೆ ಬರಬಹುದು ಅನ್ನಿಸುತ್ತಿದೆ.

ಜೂನ್ 26, ಶುಕ್ರವಾರ, ಮಧ್ಯಾಹ್ನ 12.10

ಬೆಳಿಗ್ಗೆಯಿಂದ ಕಪಾಟು ಜೋಡಿಸಿದೆ. ಬೀಗದ ಕೈಗಳಿಗೆಲ್ಲ ಚೀಟಿ ಕಟ್ಟಿದೆ. ನನ್ನ ಲೋಟ, ಸ್ವೆಟರು, ಈ ಡೈರಿ ಚೀಲದ ಪಕ್ಕ ಇಟ್ಟೆ.

ಹನ್ನೊಂದಕ್ಕೆ ಪಂಪ್ ಮೂರರ ಸದ್ದು ನಿಂತಿತು. ಒಂದು ಗಂಟೆ ಏನೂ ಕೇಳಲಿಲ್ಲ. ಹೋಗಿ ನೋಡುವ ಧೈರ್ಯ ಬರಲಿಲ್ಲ.

ಈಗ ಮೇಸ್ತ್ರಿ ಬಂದರು. ಬಿಳಿ ಬಟ್ಟೆಯಲ್ಲಿ ಬಳೆ. ಮೂಗಿನ ಮೇಲೆ ಸಾಹೇಬರ ಕನ್ನಡಕ. ಮೊಣಕೈ ಊರಲಿಲ್ಲ.

"ಮೂರು ಚುಕ್ಕೆ ಇದೆ. ಸಾಹೇಬ್ರೂ ನೋಡಿದ್ರು." ಬಳೆಯನ್ನು ಬಟ್ಟೆ ಸಮೇತ ಕೌಂಟರ್ ಮೇಲಿಟ್ಟರು. "ನಂಗೆ ಹೇಳ್ಬಹುದಿತ್ತು ಮೇಡಂ. ನಾಲ್ಕು ಸಲ ಆ ಹೆಣ್ಣುಮಗಳನ್ನ ಬೈದೆ."

"ಹೇಳ್ಬೇಕಿತ್ತು ಮೇಸ್ತ್ರಿ. ತಪ್ಪಾಯ್ತು."

"ಬಿಚ್ಚಿದ್ದನ್ನ ಮತ್ತೆ ಹಾಕೋಕಾಗಲ್ಲ. ಹೊಸದು ಕೊಡಿ."

ನೀಲಿ ಡಬ್ಬಿಯ ಕಡೆ ಕೈ ಹೋಯಿತು. ಅಭ್ಯಾಸ.

"ಅದಲ್ಲ. ಚುಕ್ಕೆದು ಕೊಡಿ."

ಅತ್ತಿಗೆಯ ಪೊಟ್ಟಣವನ್ನು ಕೌಂಟರ್ ಮೇಲಿಟ್ಟೆ. ಅವರು ಗಂಟಿಗೆ ಕೈ ಹಾಕಿದರು. ಉಗುರಿನ ತನಕ ಗ್ರೀಸು. ನಾನು ಪೊಟ್ಟಣದ ಮೇಲೆ ಅಂಗೈ ಇಟ್ಟುಬಿಟ್ಟೆ.

"ಮೊದ್ಲು ಕೈ ತೊಳ್ಕೊಂಡು ಬನ್ನಿ ಮೇಸ್ತ್ರಿ."

ಇಪ್ಪತ್ತೆರಡು ವರ್ಷ ಬೇಕಾಯಿತು ಇಷ್ಟಕ್ಕೆ. ಮೇಸ್ತ್ರಿ ನನ್ನ ಮುಖ ನೋಡಿದರು, ಪೇಪರು ನೋಡಿದರು, ಹಿಂದಿನ ನಲ್ಲಿಯ ಹತ್ತಿರ ಹೋದರು.

ನೀರು ಬಿದ್ದ ಸದ್ದು ಕೇಳುತ್ತಿದೆ. ಉಜ್ಜುತ್ತಿದ್ದಾರೆ. ಸೋಪು ಎಲ್ಲಿ ಅಂತ ಕೂಗುತ್ತಿದ್ದಾರೆ. ಕೊಟ್ಟು ಬಂದು ಬರೆಯುತ್ತೇನೆ.